ಎರಡನೇ ಸಲ ಮರೆತ ಟು ಎಕ್ಸ್

“ಅಜ್ಜಿ, ನಂಗೆ ಗಣಿತ ಸಾಕು. ಪಿಯುಸಿ ಮುಗಿದ್ಮೇಲೆ ಬಿಎ ಸೇರ್ತೀನಿ.”

ಕಳೆದ ಭಾನುವಾರ ಮೊಮ್ಮಗಳು ರೂಪ ಹೀಗೆಂದು ನೋಟ್‌ಬುಕ್ ಮುಚ್ಚಿಬಿಟ್ಟಳು. ಮೊಳಕಾಲ್ಮುರುವಿನಿಂದ ಚಳ್ಳಕೆರೆಯ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿಬರುವ ಹುಡುಗಿ. ಇಂಜಿನಿಯರ್ ಆಗ್ತೀನಿ ಎಂದು ಕುಣಿಯುತ್ತಿದ್ದವಳು. ಎರಡು ಟೆಸ್ಟಿನಲ್ಲಿ ಫೇಲು. ಮೂರನೆಯದು ಮಾರನೆಯ ದಿನವೇ.

ಬಿಎ ಕೆಟ್ಟದ್ದೇ ಮೊಮ್ಮಕ್ಕಳೇ? ಖಂಡಿತ ಅಲ್ಲ. ಆದರೆ ಹೆದರಿ ಓಡಿಹೋಗಿ ಸೇರುವುದು ಬೇಡ. ಇವಳನ್ನು ಓಡಲು ಬಿಡುವುದಿಲ್ಲ ಎಂದು ಅಲ್ಲೇ ನಿರ್ಧರಿಸಿದೆ.

“ನಂಗೆ ಹೇಳ್ಕೊಡು,” ಎಂದೆ. (ನನ್ನದು ಹಳ್ಳಿ ಶಾಲೆಯ ಏಳನೇ ಕ್ಲಾಸು. ನೆಂಟರೆದುರು ಬಾಯಿ ಬಿಡಲೂ ನಾಚುವವಳು ನಾನು.)

“ನಿಂಗಾ? ಕ್ಯಾಲ್ಕುಲಸ್ಸಾ?” ನಕ್ಕಳು. ನಗಲಿ. ನಾನು ಕದಲಲಿಲ್ಲ.

ಕೊನೆಗೆ ಅವಳೇ ಬಿಡಿಸಿ ಹೇಳಿದ ಲೆಕ್ಕ ಇದು. ಹೊರಗೆ ಸೈನ್, ಅದರ ಹೊಟ್ಟೆಯಲ್ಲಿ ಎಕ್ಸ್ ಸ್ಕ್ವೇರ್. ಚೈನ್ ರೂಲ್ ಪ್ರಕಾರ ಮೊದಲು ಹೊರಗಿನದನ್ನು ಬದಲಿಸಬೇಕು. ಸೈನ್ ಹೋಗಿ ಕಾಸ್ ಆಯಿತು. ಒಳಗಿನದು ಹಾಗೇ ಇರಬೇಕು. ಆಮೇಲೆ ಒಳಗಿನದರ ಡೆರಿವೇಟಿವ್, ಅಂದರೆ ಟು ಎಕ್ಸ್, ಹೊರಗೆ ತಂದು ಗುಣಿಸಬೇಕು. ಇಷ್ಟನ್ನು ಸರಿಯಾಗಿಯೇ ಮಾಡಿದ್ದಳು.

ಇನ್ನೊಮ್ಮೆ ಡೆರಿವೇಟಿವ್ ತೆಗೆಯುವಾಗಲೇ ಎಡವಟ್ಟು. ಕಾಸ್ ಬದಲಿಸಿದಳು, ಒಳಗಿನಿಂದ ಇನ್ನೊಂದು ಟು ಎಕ್ಸ್ ತಂದಳು, ಗೆರೆ ಎಳೆದಳು.

ಕಾಸ್ ಎಂದರೇನೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಎಣಿಸಲು ಬರುತ್ತದಲ್ಲ?

“ರೂಪಿ, ಪುಸ್ತಕದ ಉತ್ತರದಾಗೆ ಎರಡು ತುಂಡು ಐತೆ. ನಿಂದ್ರಾಗೆ ಒಂದೇ ಐತಲ್ಲೇ?”

“ಅದೇ ಅಜ್ಜಿ ಗೊತ್ತಾಗ್ತಿಲ್ಲ!”

“ಮೊದಲ್ನೇ ಸಲ ಹೊರಗೆ ಬಂತಲ್ಲ ಟು ಎಕ್ಸು, ಅದನ್ಯಾಕೆ ಮುಟ್ಲೇ ಇಲ್ಲ?”

ಆಗ ನನಗೆ ನಮ್ಮ ಮಗ್ಗ ನೆನಪಾಯಿತು. ನಾನು, ನಿಮ್ಮ ತಾತ ಒಂದೇ ಮಗ್ಗದಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದೆವು. ಸೀರೆಯ ಒಡಲಿಗೆ ಅಡ್ಡ ನೂಲು ಹಾಯಿಸುವ ಲಾಳಿ ಅವರದು, ಅಂಚಿನ ಲಾಳಿ ನನ್ನದು. ಅವರ ಕೈ ನಡೆದಾಗ ನನ್ನದು ನಿಲ್ಲಬೇಕು. ನನ್ನದು ನಡೆದಾಗ ಅವರದು. (ಅವರು ಹೋದ ಮೇಲೆ ಮಗ್ಗವೇ ನಿಂತಿತು.)

“ಟು ಎಕ್ಸ್ ಒಂದು ಕೈ, ಕಾಸ್ ಒಂದು ಕೈ. ನೀನು ಒಂದೇ ಕೈ ಆಡ್ಸಿದೀಯ ಕಣೇ. ಅಂಚಿಲ್ದೆ ಸೀರೆ ಆಗ್ತೈತಾ?”

ರೂಪ ನನ್ನನ್ನೇ ನೋಡಿದಳು. ಆಮೇಲೆ ಹಣೆ ಬಡಿದುಕೊಂಡಳು. “ಥೂ, ಪ್ರಾಡಕ್ಟ್ ರೂಲ್! ಗುಣಿಸಿರೋ ಎರಡನ್ನೂ ಸರದಿ ಮೇಲೆ ಬದಲಿಸ್ಬೇಕಿತ್ತು!”

ಕಾಸ್ ನಿಲ್ಲಿಸಿ ಟು ಎಕ್ಸ್ ಬದಲಿಸಿದಳು. ಟು ಎಕ್ಸ್ ನಿಲ್ಲಿಸಿ ಕಾಸ್ ಬದಲಿಸಿದಳು. ಕೂಡಿದಳು. ಎರಡು ತುಂಡು! ನಾನು ಬಿಡಲಿಲ್ಲ, ಪುಸ್ತಕ ಮುಚ್ಚಿಟ್ಟು ಅಂಥವೇ ಆರು ಲೆಕ್ಕ ಮಾಡಿಸಿದೆ.

ಸೋಮವಾರ ಸಂಜೆ ಬಸ್ಸಿಳಿದವಳು ಬಾಗಿಲಲ್ಲೇ ಕೂಗಿದಳು. “ಅಜ್ಜಿ, ಮೂರನೇ ಡೆರಿವೇಟಿವ್ ಕೇಳಿದ್ರು. ಬಂತು!”

“ಮತ್ತೆ ಬಿಎ?”

“ಯಾವ ಬಿಎ?”

ಏಳನೇ ಕ್ಲಾಸಿನ ಅಜ್ಜಿಯೇ ನಾಚಿಕೆ ಬಿಟ್ಟು ಕೇಳಿದ್ದಾಯಿತು; ತಪ್ಪಾದ ಲೆಕ್ಕ ತೋರಿಸಲು ನಿಮಗೇನು ನಾಚಿಕೆ?