ವಿಘ್ನೇಶ್ವರ ಭಟ್ಟರ ಎದೆ ಉರಿ

ಮನ್ಮನೆಯ ವಿಘ್ನೇಶ್ವರ ಭಟ್ಟರನ್ನು ನಿಮ್ಮ ಕೆಲಸ ಏನು ಎಂದು ಕೇಳಿದರೆ, "ಊಟ ಮಾಡದು" ಎಂದು ಅವರೇ ನಗುತ್ತಿದ್ದರು. ಸುಳ್ಳೇನಲ್ಲ. ನಮ್ಮ ಸುತ್ತಿನ ಮೂವತ್ತು ಮನೆಗಳಲ್ಲಿ ಶ್ರಾದ್ಧ ಬಂದರೆ ಪಿತೃಸ್ಥಾನಕ್ಕೆ ಕೂರುವವರು ಅವರೇ. ತೀರಿಕೊಂಡವರ ಹೆಸರಿನಲ್ಲಿ ಎಲೆ ಮುಂದೆ ಕೂತು ತೃಪ್ತಿಯಾಗುವಷ್ಟು ಉಣ್ಣಬೇಕು. ಉಣ್ಣುವಾಗ ಮಾತಾಡುವಂತಿಲ್ಲ, ಬೇಕು ಬೇಡ ಎಲ್ಲ ಕೈಸನ್ನೆಯಲ್ಲೇ. ಭಟ್ಟರು ಬೇಡ ಎಂದದ್ದನ್ನು ನಾನಂತೂ ನೋಡಿರಲಿಲ್ಲ. ಹತ್ತು ವಡೆ ಹಾಕಿದರೆ ಹತ್ತೂ ಹೋಗುತ್ತಿತ್ತು. ಅದಕ್ಕೇ ಜನಕ್ಕೆ ಅವರೇ ಬೇಕು.

ತೊಂಬತ್ತೇಳನೇ ಇಸವಿಯ ಸುಮಾರಿಗೆ ಅವರಿಗೆ ಎದೆ ಉರಿ ಸುರುವಾಯಿತು. ಬೆಳಗಿನಿಂದ ಉಪವಾಸ ಇದ್ದು, ಮೂರು ಗಂಟೆಗೆ ಎರಡು ಊಟದಷ್ಟು ಉಂಡು, ಮನೆಗೆ ಬಂದು ತಂಬಾಕು ಸೇರಿಸಿದ ಎಲೆಯಡಿಕೆಯ ಕವಳ ಹಾಕಿ ಮಲಗುವುದು ಅವರ ಕ್ರಮ. ಮಲಗಿ ಅರ್ಧ ತಾಸಿಗೆ ಹುಳಿನೀರು ಗಂಟಲಿಗೆ ಬರುತ್ತಿತ್ತು.

ಯಾವುದೋ ಮನೆಯ ಪಿತೃಗಳಿಗೆ ತೃಪ್ತಿಯಾಗಿಲ್ಲ, ಆ ದೋಷ ತನ್ನ ಎದೆಯಲ್ಲಿ ಕೂತಿದೆ ಎಂದು ಭಟ್ಟರು ತೀರ್ಮಾನ ಮಾಡಿಕೊಂಡರು. ಶ್ರಾದ್ಧ ಉಂಡವರು ಗಾಯತ್ರಿ ಜಪ ಮಾಡುವುದುಂಟು. ಇವರು ಅದನ್ನು ಸಾವಿರಕ್ಕೆ ಏರಿಸಿದರು. ಬೆನ್ನು ನೆಟ್ಟಗೆ ಮಾಡಿ ಕೂತಷ್ಟು ಹೊತ್ತು ಉರಿ ಇಲ್ಲ. ಮುಗಿಸಿ ಮಲಗಿದರೆ ಮತ್ತೆ ಅದೇ. ಸಾವಿರ ಸಾಲದು ಎಂದು ಎರಡು ಸಾವಿರ ಮಾಡಿದರು. ಅವರ ಹೆಂಡತಿ ದೇವಕ್ಕ ನನ್ನ ಹತ್ತಿರ, "ಜಪ ಏರಿದ ಹಾಂಗೆ ಹೊಟ್ಟೆನೂ ಏರ್ತಾ ಇದ್ದು ಮಾರಾಯ್ತಿ" ಎಂದಿದ್ದಳು. ಹಾರ್ಟಿನ ತೊಂದರೆಯೋ ಏನೋ ಎಂದು ಹೆದರಿ, ಅವಳೇ ಅವರನ್ನು ಸಿರಸಿಗೆ ಕರೆದುಕೊಂಡು ಹೋದಳು.

ಡಾಕ್ಟರು ಇಸಿಜಿ ತೆಗೆದು, "ಹಾರ್ಟಿಗೆ ಏನೂ ಆಗಿಲ್ಲ. ಹೊಟ್ಟೆಯ ಹುಳಿ ಮೇಲೆ ಬರ್ತದೆ, ಅಷ್ಟೇ" ಎಂದರಂತೆ.

"ಹಂಗಾದ್ರೆ ಪಿತೃದೋಷ ಅಲ್ದ?"

"ದೋಷ ಆದ್ರೆ ಇಲ್ಲಿಗೆ ಬರೋ ಹತ್ತು ಜನರಲ್ಲಿ ಒಬ್ಬಿಬ್ಬರಿಗೆ ಆ ದೋಷ ಇದೆ ಭಟ್ರೇ. ಶ್ರಾದ್ಧದ ಮನೆ ಕಡೆ ತಲೆ ಹಾಕದವರಿಗೂ ಇದೆ. ನನಗೂ ಇದೆ."

ಹೊಟ್ಟೆ ಕರಗಿಸಬೇಕು, ತಂಬಾಕು ಬಿಡಬೇಕು, ಉಂಡು ಮೂರು ತಾಸು ಮಲಗಬಾರದು, ಅದಕ್ಕಿಂತ ಮೊದಲು ಒಂದೇ ಸಲಕ್ಕೆ ಅಷ್ಟೊಂದು ಉಣ್ಣಬಾರದು ಎಂದು ಹೇಳಿ ಮಾತ್ರೆ ಬರೆದುಕೊಟ್ಟರು. "ಜಪ ಮಾತ್ರ ಬಿಡಬೇಡಿ, ನೆಟ್ಟಗೆ ಕೂತಿದ್ದಕ್ಕೇ ಕಡಿಮೆ ಆಗಿದ್ದು" ಎಂದೂ ಹೇಳಿದರು.

ತಂಬಾಕು ಬಿಟ್ಟರು. ಊಟ ಹೇಗೆ ಬಿಡುವುದು? "ಅರ್ಧಕ್ಕೇ ಏಳವನ್ನ ಯಾರೂ ಕರೀತ್ವಿಲ್ಲೆ" ಎಂದು ಭಟ್ಟರು ಬಸ್ಸಿನಲ್ಲಿ ದೇವಕ್ಕನ ಹತ್ತಿರ ಹೇಳಿದರಂತೆ. ಅವರಿಗೆ ಬೇರೆ ಕಸುಬು ಗೊತ್ತಿಲ್ಲ.

ಆ ಮಾಘದಲ್ಲಿ ನೆರೆಮನೆಯ ಕಿಶೋರನ ತಾಯಿಯ ಶ್ರಾದ್ಧ. ಒಳಗೆ ಅವನ ಹೆಂಡತಿ ಪರಿಮಳಾ ವಡೆ ಕರಿಯುತ್ತಿದ್ದಳು, ನಾನು ಹಿಟ್ಟು ತಟ್ಟಿ ಕೊಡುತ್ತಿದ್ದೆ. ಕಿಶೋರ ಎರಡನೇ ವಡೆ ಹಾಕಲು ಹೋದಾಗ ಭಟ್ಟರು ಎಲೆಗೆ ಕೈ ಅಡ್ಡ ಹಿಡಿದರು.

"ಎಂತಾ ಆತು? ಎಣ್ಣೆ ಸರಿ ಇಲ್ಯಾ?"

ಭಟ್ಟರು ಮಾತಾಡುವಂತಿಲ್ಲ. ತಲೆ ಅಲ್ಲಾಡಿಸಿದರು. ಕಿಶೋರನ ಮುಖ ಸಣ್ಣಗಾಯಿತು. "ಆಯಿಗೆ ಎಂತೋ ಬೇಜಾರಾಜು" ಎಂದ. ಅವನ ಕಣ್ಣು ತುಂಬಿದ್ದನ್ನು ಕಂಡು ಭಟ್ಟರ ಕೈ ಮೆಲ್ಲಗೆ ಎಲೆಯಿಂದ ಹಿಂದೆ ಸರಿಯಿತು.

ಪರಿಮಳಾ ವಡೆ ಎತ್ತುವ ಜಾರೆ ಹಿಡಿದುಕೊಂಡೇ ಹೊರಗೆ ಬಂದಳು. "ಬೇಡ, ಹಾಕಡಿ! ಅತ್ತೆ ಯಾವತ್ತು ಒಂದು ವಡೆ ಪೂರ್ತಿ ತಿಂದಿದ್ದು? ಎದೆ ಉರಿ ಹೇಳಿ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡದು ಮರ್ತೋತ? ಬಂದಿದ್ದು ಅತ್ತೆಯೇ ಆದ್ರೆ ಎರಡನೇದು ಹೆಂಗೆ ತಿಂತು?"

ಕಿಶೋರ ವಡೆಯನ್ನು ಪಾತ್ರೆಗೆ ವಾಪಸು ಹಾಕಿದ. ಎಲೆಯಲ್ಲಿದ್ದ ಮೊದಲನೆಯ ವಡೆಯಲ್ಲೂ ಭಟ್ಟರು ಅರ್ಧ ಬಿಟ್ಟರು. ತೃಪ್ತಿಯಾಯಿತೇ ಎಂದು ಮಂತ್ರದಲ್ಲಿ ಕೇಳಿದಾಗ, ಆಯಿತು ಎಂದು ಭಟ್ಟರು ಕೊಟ್ಟ ಉತ್ತರ ಅಡುಗೆಮನೆಗೂ ಕೇಳಿತು. ಆಮೇಲೆ ಮನೆಗೆ ಹೋಗಿ, ಮಲಗಲು ಹಾಸಿಟ್ಟಿದ್ದ ಚಾಪೆ ಮಡಚಿಟ್ಟು ಅಂಗಳದಲ್ಲಿ ಓಡಾಡಿದರು.

ಅಲ್ಲಿಂದ ಮುಂದೆ ಅವರು ಎಲೆಗೆ ಕೂರುವ ಮೊದಲೇ ಕೇಳುತ್ತಿದ್ದರು, "ತೀರಿಹೋದವಕ್ಕೆ ಎದೆ ಉರಿ ಇದ್ದಿತ್ತ?" ಎಷ್ಟೋ ಮನೆಯವರು ಹೌದು ಎಂದರು. ಇಲ್ಲ ಎಂದ ಎರಡು ಮನೆಯವರು ಮರುವರ್ಷ ಬೇರೆಯವರನ್ನು ಹುಡುಕಿಕೊಂಡರು. ಉಳಿದವರು ಇವರನ್ನೇ ಕರೆಯುತ್ತಾರೆ. ಪರಿಮಳಾ ಈಗ ಅವರಿಗೆಂದೇ ಒಂದು ಸಣ್ಣ ವಡೆ ಬೇರೆ ತಟ್ಟಿಸುತ್ತಾಳೆ.