ಗೆರಿ ಕೆಳಗ ಅದ ಮಾವ

ಗೇಜ್ ಮಾವನ ಎಡ ಹೆಗಲಿನಿಂದ ಬಲ ಸೊಂಟಕ್ಕೆ ಎರಡು ವಸ್ತುಗಳು ಇಳಿಬಿದ್ದಿರುತ್ತಿದ್ದವು. ಒಳಗೆ ಜನಿವಾರ, ಹೊರಗೆ ಗಾಳಿ ತುಂಬಿದ ಜೀಪಿನ ಟ್ಯೂಬು. ಟ್ಯೂಬಿಗೆ ಏಳು ಪಂಕ್ಚರ್ ಪಟ್ಟಿ. ನಡೆದರೆ ಪಕ್ಕೆಗೆ ತಿಕ್ಕಿ ಕಿರ್ರ್ ಕಿರ್ರ್ ಅನ್ನುತ್ತಿತ್ತು. ಬೆಳಿಗ್ಗೆ ಆರು ಗಂಟೆಗೆ ಆ ಸದ್ದು ಕೇಳಿದರೆ ಟಿ.ಬಿ. ಡ್ಯಾಂ ಕ್ವಾರ್ಟರ್ಸಿನ ಕೋಳಿಗಳು ಕೂಗುವ ಕೆಲಸ ಅವರಿಗೇ ಬಿಟ್ಟು ಮತ್ತೆ ಮಲಗುತ್ತಿದ್ದವು.

ಡ್ಯಾಮಿನ ನೀರಿನ ಮಟ್ಟ ಓದುವುದು ಅವರ ನೌಕರಿ. ದಂಡೆಯ ಮೆಟ್ಟಿಲಿಳಿದು, ಗೇಜ್ ಎಂಬ ಅಳತೆಪಟ್ಟಿಯಲ್ಲಿ ನೀರು ಎಲ್ಲಿ ಮುಟ್ಟಿದೆ ನೋಡಿ, ರಜಿಸ್ಟರಿನಲ್ಲಿ ಬರೆಯಬೇಕು. ಅವರಿಗೆ ಈಜು ಬರುತ್ತಿರಲಿಲ್ಲ. ಅದಕ್ಕೇ ಟ್ಯೂಬು. ನೀರಿಗೆ ಅಂಜುತ್ತಿದ್ದರು, ಹಲ್ಲಿಗೆ ಅಂಜುತ್ತಿದ್ದರು, ಎಮ್ಮೆ ತಿರುಗಿ ನೋಡಿದರೆ ಅದಕ್ಕೆ ನಮಸ್ಕಾರ ಮಾಡುತ್ತಿದ್ದರು. ಮದುವೆಯನ್ನೂ ಅಂಜಿಯೇ ಬಿಟ್ಟರು ಅನ್ನುವುದು ನನ್ನ ಸಂಶೋಧನೆ. ನಮಗೆ ಸಂಬಂಧಿಕರಲ್ಲ, ಪಕ್ಕದ ಮನೆಯವರು. ಇಡೀ ಕ್ವಾರ್ಟರ್ಸಿಗೇ ಅವರು ಮಾವ.

ಅವರದೊಂದು ಗುಟ್ಟು ನನಗೊಬ್ಬಳಿಗೇ ಗೊತ್ತಿತ್ತು. ಕಣ್ಣಿಗೆ ಪೊರೆ ಬಂದಿತ್ತು. ಗೊತ್ತಾದರೆ ಗೇಜಿನ ಕೆಲಸದಿಂದ ತೆಗೆಯುತ್ತಾರೆ ಅನ್ನುವುದು ಅವರ ಎಲ್ಲ ಅಂಜಿಕೆಗಳಿಗೂ ಹಿರಿಯಣ್ಣನಾದ ಅಂಜಿಕೆ. ಹಾಗಾಗಿ ಒಂಬತ್ತನೆಯ ಇಯತ್ತೆಯ ನಾನು ದಿನಾ ಜೊತೆಗೆ ಹೋಗಿ ಮಟ್ಟ ಓದಿ ಹೇಳುತ್ತಿದ್ದೆ, ಅವರು ಬರೆಯುತ್ತಿದ್ದರು. ಪ್ರತಿ ಸಲವೂ ಪೆನ್ನು ಎತ್ತಿ ಹಿಡಿದು, "ಖರೇನಾ ಪುಟ್ಟಿ?" ಅನ್ನುವರು. ನಾನು "ಖರೇ" ಅಂದ ಮೇಲೆಯೇ ಪೆನ್ನು ಇಳಿಯುವುದು. ಶಾಲೆಯಲ್ಲಿ ಮಾತ್ರ ನಾನು, "ನಾ ಒಂದು ಗೇಣು ಕಡಿಮಿ ಹೇಳಿದ್ರ ಕಂಪ್ಲಿ ಗದ್ದಿಗೆ ನೀರಿಲ್ಲ ಲೇ" ಎಂದು ಗೆಳತಿಯರ ಕಡ್ಲಿಮಿಠಾಯಿ ವಸೂಲಿ ಮಾಡುತ್ತಿದ್ದೆ.

ಆ ಬೇಸಿಗೆಯಲ್ಲಿ ಅಪ್ಪ ನಿವೃತ್ತರಾಗುವವರಿದ್ದರು. ಕಾಲುವೆ ಆಫೀಸಿನಲ್ಲಿ ಮೂವತ್ತು ವರ್ಷ ನೀರಿನ ಕಾಗದ ಬರೆದವರು, ನೀರಿನ ಕಡೆ ಒಮ್ಮೆಯೂ ತಿರುಗಿ ನೋಡಿರಲಿಲ್ಲ. ಕ್ವಾರ್ಟರ್ಸ್ ಬಿಡಬೇಕಿತ್ತು, ಮನೆ ಕೊಳ್ಳಬೇಕಿತ್ತು. ಕೈಗೆ ಬರುವ ದುಡ್ಡು ಒಂದೇ ಸಲಕ್ಕೆ ಸಾಕಾಗುವಷ್ಟು. ತಪ್ಪಿದರೆ ಎರಡನೆಯ ಮನೆ ಇಲ್ಲ.

"ಮಾವನ್ನ ಕರಕೊಂಡು ಹೋಗ್ರಿ" ಅಂದಳು ಅವ್ವ. "ಧೈರ್ಯದವ್ರು ಎಲ್ಲಾ ಮನಿನೂ ಚಂದ ಅಂತಾರ. ಅಂಜೂ ಮನಶ್ಯಾ ಬೇಕು."

ಮೊದಲು ಸಂಡೂರಿಗೆ ಹೋದೆವು. ಗುಡ್ಡದ ಬುಡದಲ್ಲಿ ಗಟ್ಟಿ ಕಲ್ಲಿನ ಮನೆ, ಹಿಂದೆ ಹಸಿರು, ಮುಂದೆ ಸೀತಾಫಲದ ಗಿಡ. ಒಗೆದು ಒಣಹಾಕಿದ ಬಿಳಿ ಪಂಚೆ ಸಂಜೆಗೆ ಸಂನ್ಯಾಸಿಯ ಬಟ್ಟೆಯಾಗುತ್ತದೆ, ಅಷ್ಟು ಕೆಮ್ಮಣ್ಣಿನ ಧೂಳು. ಮಧ್ಯಾಹ್ನ ಗಣಿಯಲ್ಲಿ ಸಿಡಿಮದ್ದು ಹಾರಿತು. ಅಟ್ಟಣಿಗೆಯ ತಾಟುಗಳೆಲ್ಲ ಝಲ್ಲೆಂದವು. ಹೊರಳಿ ನೋಡಿದರೆ ಮಾವ ಇಲ್ಲ. ಮಂಚದ ಕೆಳಗೆ ಟ್ಯೂಬಿನ ಸಮೇತ ಸಿಕ್ಕಿಕೊಂಡಿದ್ದರು. ಗಾಳಿ ಬಿಟ್ಟು ಎಳೆಯಬೇಕಾಯಿತು.

"ಭೂಮಿನೇ ನಡಗತದ. ಬ್ಯಾಡ್ರಿ" ಅಂದರು.

ಆಮೇಲೆ ಕಂಪ್ಲಿ ಕಡೆ ಮೆಟ್ರಿ. ಅದು ಮಾವನ ತಂಗಿಯ ಊರು, ಅಲ್ಲಿ ಕಾಲುವೆ ಪಕ್ಕದಲ್ಲೊಂದು ಮನೆ. ಸುತ್ತ ಭತ್ತದ ಗದ್ದೆ. ಅಡುಗೆಮನೆಯಲ್ಲಿ ಎರಡು ಕಪ್ಪೆ ನಮಗಿಂತ ಮೊದಲೇ ವಾಸಕ್ಕೆ ಬಂದಿದ್ದವು. ಮಾವ ಗೋಡೆಗೆ ಅಂಗೈ ಒತ್ತಿ ನಮಗೆ ತೋರಿಸಿದರು. ಒದ್ದೆ.

"ಗ್ವಾಡಿ ಬೆವರ್ತದ. ಅದಕ್ಕೂ ಏನೋ ಅಂಜಿಕಿ ಅದ. ಬ್ಯಾಡ್ರಿ."

ಮೂರನೆಯದು ಹಿನ್ನೀರಿನ ದಂಡೆಯ ಮನೆ. ಕಂಡೊಡನೆ ಅದು ನನ್ನದಾಯಿತು. ಕಟ್ಟಿ ಎರಡು ವರ್ಷ, ಇನ್ನೂ ಸುಣ್ಣದ ವಾಸನೆ. ದೊಡ್ಡ ಕಿಟಕಿ, ಕಿಟಕಿಯಾಚೆ ಬಯಲು, ಬಯಲಿನಾಚೆ ದೂರದಲ್ಲಿ ನೀರಿನ ಬೆಳ್ಳಿ. ಗೆಳತಿಯರನ್ನು ಕರೆದು ಆ ಕಿಟಕಿಯಲ್ಲಿ ಕೂಡಿಸಿ ಹೊಟ್ಟೆ ಉರಿಸುವುದನ್ನು ಅಲ್ಲೇ ನಿಂತು ಮನಸ್ಸಿನಲ್ಲಿ ಎರಡು ಸಲ ಮಾಡಿ ಮುಗಿಸಿದೆ.

"ನೀರು ಇಲ್ಲೀತನಕ ಬರೂದೇ ಇಲ್ರಿ" ಅಂದ ದಲಾಲಿ. "ಎರಡು ವರ್ಷಾತು, ಒಂದು ಹನಿ ನೋಡಿಲ್ಲ."

"ಮಳಿ ಇಲ್ಲದ್ದಕ್ಕ ಡ್ಯಾಂ ತುಂಬಿ ಮೂರು ವರ್ಷಾತಲ್ರಿ" ಅಂದರು ಮಾವ ಮೆಲ್ಲಗೆ. ಚೀಲದಿಂದ ಗಾಜಿನ ಬಾಟಲಿ ತೆಗೆದು ಅರ್ಧ ನೀರು ತುಂಬಿ ಕಿಟಕಿಯ ಕಟ್ಟೆಯ ಮೇಲಿಟ್ಟರು. ಕೂಗಳತೆ ದೂರದಲ್ಲಿ ಒಂದು ದೊಡ್ಡ ಬಂಡೆ ಇತ್ತು. ಡ್ಯಾಂ ತುಂಬಿದರೆ ನೀರು ಎಲ್ಲಿಗೆ ನಿಲ್ಲುತ್ತದೆ ಎಂದು ತೋರಿಸುವ ಬಿಳಿ ಗೆರೆ ಅದರ ಮೇಲಿತ್ತು. ಬಾಟಲಿಯ ನೀರು ಸಮ ನಿಲ್ಲುತ್ತದೆ. ಅದರ ಮಟ್ಟಕ್ಕೆ ಕಣ್ಣಿಟ್ಟು ನೋಡಬೇಕು. ಬಂಡೆಯ ಗೆರೆ ಕೆಳಗೆ ಕಂಡರೆ ಮನೆ ಉಳಿಯಿತು. ಮೇಲೆ ಕಂಡರೆ ಮುಳುಗಿತು.

ಅಪ್ಪ, ದಲಾಲಿ ಹಿತ್ತಲಿಗೆ ಹೋದ ಮೇಲೆ ಮಾವ ಬಾಗಿ ಕಣ್ಣು ಕಿರಿದು ಮಾಡಿದರು. ಏನೂ ಕಾಣಲಿಲ್ಲ. "ಪುಟ್ಟಿ, ನೀ ನೋಡವಾ. ಇಲ್ಲಿ ಅಕ್ಕಿಕಾಳಿನಷ್ಟು ಮ್ಯಾಲ ಕಂಡ್ರ, ಅಲ್ಲಿ ಆಳು ಮುಳುಗೂಷ್ಟು ನೀರು."

ನೋಡಿದೆ. ಗೆರೆ ಮೇಲಿತ್ತು. ಸರಿಯಾಗಿ ಒಂದು ಅಕ್ಕಿಕಾಳಿನಷ್ಟು.

ಒಂದು ಅಕ್ಕಿಕಾಳಿಗಾಗಿ ಇಷ್ಟು ದೊಡ್ಡ ಕಿಟಕಿ ಬಿಡುವುದೇ?

"ಗೆರಿ ಕೆಳಗ ಅದ ಮಾವ."

"ಖರೇನಾ ಪುಟ್ಟಿ?"

"ಖರೇ."

ಮಾವ ನೆಟ್ಟಗೆ ನಿಂತರು. ಅವರ ಮುಖ ಅಗಲವಾಗಿದ್ದನ್ನು ಮೊದಲ ಸಲ ನೋಡಿದೆ. ಹಿತ್ತಲಿಗೆ ಹೋಗಿ ಅಪ್ಪನಿಗೆ, "ತಗೋರಿ. ಇದಕ್ಕ ಅಂಜೂದು ಏನೂ ಇಲ್ಲ" ಅಂದರು. ಅಪ್ಪನಿಗೆ ಬವಳಿ ಬರುವುದೊಂದು ಬಾಕಿ.

ನನ್ನ ಪುಕ್ಕಲುತನ ಶುರುವಾದದ್ದು ಮರುದಿನ. ಮಾವ ನಮ್ಮ ಕಟ್ಟೆಯ ಮೇಲೆ ಕುಳಿತು ಅವ್ವನಿಗೆ ಹೇಳುತ್ತಿದ್ದರು: "ಪಕ್ಕದ ಎರಡು ಖೋಲಿ ನಾನೂ ತಗೋತೀನ್ರಿ ವೈನಿ. ಜನ್ಮಾ ಪೂರ್ತಿ ನೀರಿಗೆ ಅಂಜಿ ಅಂಜಿ ಸಾಕಾಗೇದ. ಇನ್ನ ಅದರ ಮುಂದ ಕುಂತು ಚಹಾ ಕುಡಿಯೂದು."

ನನ್ನ ಕೈಯಲ್ಲಿದ್ದ ನೀರಿನ ಲೋಟ ಹಾಗೇ ನಿಂತಿತು. ಲೋಟದ ನೀರು ಸಮ ಇತ್ತು. ಅದರ ಮೇಲಿಂದ ನೋಡಿದರೆ ಮಾವನ ಕುತ್ತಿಗೆ ಕಾಣುತ್ತಿತ್ತು.

ಅಂದಿನಿಂದ ನೀರು ಕಂಡಲ್ಲೆಲ್ಲ ಹಾಗೇ ನೋಡತೊಡಗಿದೆ. ಬಚ್ಚಲ ಹಂಡೆಯ ಮೇಲಿಂದ ಅವ್ವನ ಸೊಂಟ, ಸಾರಿನ ಪಾತ್ರೆಯ ಮೇಲಿಂದ ಅಪ್ಪನ ಮೂಗು. ಊಟ ಇಳಿಯಲಿಲ್ಲ. "ಪರೀಕ್ಷಾದಾಗ ನಪಾಸಾಗೀ ಏನು?" ಅಂದಳು ಅವ್ವ. ನಪಾಸಾಗಿದ್ದರೆ ಕುಣಿಯುತ್ತಿದ್ದೆ.

ನನ್ನ ಕಣ್ಣೇ ತಪ್ಪಿರಬಹುದು ಎಂಬ ಆಸೆಯಿಂದ ಒಂದು ಮಧ್ಯಾಹ್ನ ಒಬ್ಬಳೇ ಸೈಕಲ್ ಹೊಡೆದುಕೊಂಡು ಅಲ್ಲಿಗೆ ಹೋದೆ. ಬಿಸಿಲಿಗೆ ನೆಲ ಹಪ್ಪಳದಂತೆ ಒಡೆದಿತ್ತು. ಮನೆಯ ಬಾಜೂಕ್ಕೆ ಹಳೆಯ ಜಾಲಿಗಿಡ. ನೆರಳಿಗೆ ನಿಂತು ತಲೆ ಎತ್ತಿದೆ. ಕೊಂಬೆಗಳಲ್ಲಿ ಒಣಗಿದ ನೀರುಹುಲ್ಲು ಜಡೆಯಂತೆ ಜೋತಾಡುತ್ತಿತ್ತು. ನಾನು ಹಾರಿದರೂ ಕೈಗೆ ಎಟುಕದಷ್ಟು ಎತ್ತರದಲ್ಲಿ. ಹುಲ್ಲಿನ ನಡುವೆ ಒಂದು ಬಸವನಹುಳುವಿನ ಚಿಪ್ಪು. ಮೂರು ವರ್ಷದ ಹಿಂದೆ ನೀರು ಅಲ್ಲಿತ್ತು. ನಾನು ನಿಂತದ್ದು ಅದರ ತಳದಲ್ಲಿ. ಅಷ್ಟು ಬಿಸಿಲಿನಲ್ಲೂ ಕಿವಿಯೊಳಗೆ ನೀರು ಹೊಕ್ಕಂತೆ ಗುಂಯ್ ಅಂದಿತು. ಸೈಕಲ್ ಅಲ್ಲೇ ಬಿಟ್ಟು ಓಡಿದೆ. ಅರ್ಧ ದಾರಿಯಲ್ಲಿ ನೆನಪಾಗಿ ಮತ್ತೆ ಬಂದು, ಮೇಲೆ ನೋಡದೆ ತಗೊಂಡು ಓಡಿದೆ.

ಆದರೂ ಹೇಳಲಿಲ್ಲ. ಈಗ ಹೇಳುತ್ತೇನೆ, ನಾಳೆ ಹೇಳುತ್ತೇನೆ ಅನ್ನುವಷ್ಟರಲ್ಲಿ ಕರಾರುಪತ್ರದ ದಿನ ಬಂತು.

ದಲಾಲಿ ಕಿಟಕಿಯ ಕಟ್ಟೆಯ ಮೇಲೆ ಛಾಪಾಕಾಗದ ಹಾಸಿದ. ಅಪ್ಪ ಪೆನ್ನಿನ ಟೊಪ್ಪಿಗೆ ತೆಗೆದರು. ಅಷ್ಟರಲ್ಲಿ ಮಾವ ಬಂದರು. ಕಿರ್ರ್ ಸದ್ದಿಲ್ಲದೆ ಬಂದರು. ಕಂಕುಳಲ್ಲಿ ತಮ್ಮ ಖೋಲಿಯ ಮುಂದೆ ಇಡಲು ತುಳಸಿಯ ಕುಂಡ. ಹೆಗಲಿನ ಮೇಲೆ ಟ್ಯೂಬು ಇರಲಿಲ್ಲ. ಬನಿಯನ್ನಿನ ಮೇಲೆ ಅದು ತಿಕ್ಕಿ ತಿಕ್ಕಿ ಮಾಡಿದ ಕರಿ ಪಟ್ಟೆ ಮಾತ್ರ ಇತ್ತು.

ಆ ಬರಿ ಹೆಗಲು ನೋಡಿದ್ದೇ ತಡ,

"ಗೆರಿ ಮ್ಯಾಲದ!" ಅಂತ ಚೀರಿದೆ.

"ಯಾವ ಗೆರಿ?" ಅಪ್ಪನ ಪೆನ್ನು ನಿಂತಿತು.

"ಬಂಡೆಗಲ್ಲಿನ ಮ್ಯಾಲಿಂದು. ಮನಿ ಮುಳುಗತದ. ನಾನ..."

"ಹುಡುಗಿ ಮಾತು ಕಟಗೊಂಡು ಏನ್ರಿ?" ದಲಾಲಿ ನಕ್ಕ. "ಅಳದಾವ್ರು ಗೇಜಿನವ್ರು. ಅವರನ್ನ ಕೇಳ್ರಿ."

ಮಾವ ನನ್ನ ಕಡೆ ನೋಡಿದರು. ಆ ಕಣ್ಣಿಗೆ ನಾನು ಎಷ್ಟು ಕಂಡೆನೋ ಗೊತ್ತಿಲ್ಲ. ಅಪ್ಪನ ಕೈ ಬಲವಾದದ್ದು, ಬಾಯಿ ಅದಕ್ಕಿಂತ ಬಲ, ಅದು ಅವರಿಗೂ ಗೊತ್ತಿತ್ತು. ಕುಂಡ ಕೆಳಗಿಟ್ಟರು. ಅಪ್ಪನ ಕಡೆ ತಿರುಗಿದರು.

"ಹುಡುಗಿ ಖರೇ ಹೇಳತದ. ತಪ್ಪು ನಂದು. ನನ್ನ ಕಣ್ಣು ಹೋಗ್ಯಾವ್ರಿ. ವರ್ಷಾತು. ಗೇಜೂ ಕಾಣೂದಿಲ್ಲ, ಗೆರಿನೂ ಕಾಣೂದಿಲ್ಲ."

ನಾನು ಬಾಯಿ ತೆರೆದೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟು ಮೆಲ್ಲಗೆ ಒತ್ತಿದರು. ಬಾಯಿ ಮುಚ್ಚಿದೆ.

ಅಪ್ಪ ಪೆನ್ನಿಗೆ ಟೊಪ್ಪಿಗೆ ಹಾಕಿದರು. ದಲಾಲಿ ಸುಮ್ಮನಿರುವ ಪೈಕಿ ಅಲ್ಲ. ನಾವು ಕ್ವಾರ್ಟರ್ಸಿಗೆ ಮುಟ್ಟುವಷ್ಟರಲ್ಲಿ ಸುದ್ದಿ ನಮ್ಮ ಮನೆಯಲ್ಲಿ ಚಹಾ ಕುಡಿದು ಹೋಗಿತ್ತು. ಮಾವ ಯಾರೂ ಕರೆಯುವ ಮೊದಲೇ ಆಫೀಸಿಗೆ ಹೋಗಿ ರಜಿಸ್ಟರ್ ಒಪ್ಪಿಸಿ ಬಂದರು. ಅವರನ್ನು ಉಗ್ರಾಣಕ್ಕೆ ಹಾಕಿದರು. ಗೋಣಿಚೀಲ ಎಣಿಸುವ ಕೆಲಸ. ಅಲ್ಲಿ ಹಲ್ಲಿಗಳು ಬಹಳ.

ನಾವು ಸಂಡೂರಿನ ಮನೆ ಕೊಂಡೆವು. "ತಾಟು ನಡಗಿದ್ರ ನಡಗಲಿ" ಅಂದಳು ಅವ್ವ, "ತೇಲೂದಿಲ್ಲಲ್ಲ." ಅಪ್ಪನಿಗೆ ನಿಜ ಹೇಳಿದ್ದು ಹೊಸ ಮನೆಗೆ ಬಂದ ಮೇಲೆ. ಅವರು ಕೈ ಎತ್ತಲಿಲ್ಲ. ಮೂರನೆಯ ದಿನ ತಾವೇ ಬಸ್ಸು ಹತ್ತಿ ಮಾವನನ್ನು ನೋಡಿಬಂದರು. ಏನು ಮಾತಾಡಿದರೋ ಹೇಳಲಿಲ್ಲ.

ಮಾವ ಈಗ ಮೆಟ್ರಿಯಲ್ಲಿ, ಬೆವರುವ ಗೋಡೆಗಳ ಊರಿನಲ್ಲಿ, ತಂಗಿಯ ಮನೆಯಲ್ಲಿದ್ದಾರೆ. ಕಣ್ಣು ಪೂರ್ತಿ ಹೋಗಿದೆ. ಈ ಸಲ ಮಳೆ ಹೊಡೆದು ಡ್ಯಾಂ ತುಂಬಿತು. ಮೊದಲ ಬಸ್ಸಿಗೆ ಹಿನ್ನೀರಿನ ದಂಡೆಗೆ ಹೋಗಿ ನೋಡಿಕೊಂಡು, ಅಲ್ಲಿಂದ ಸೀದಾ ಮೆಟ್ರಿಗೆ ಹೋದೆ. ಮಾವ ಹೆಜ್ಜೆ ಸದ್ದಿಗೇ ಗುರುತು ಹಿಡಿದರು.

"ಎಲ್ಲೀತನಕ ಬಂದದ?"

"ಕಿಟಕಿ ಪೂರ್ತಿ ಮುಳುಗೇದ ಮಾವ. ಸೂರಿನ ಕೆಳಗ ಗ್ವಾಡಿ ಒಂದು ಗೇಣು ಉಳದದ."

"ಖರೇನಾ ಪುಟ್ಟಿ?"

"ಖರೇ."

ಅವರು ಎದ್ದು, ಗೋಡೆ ತಡವಿ, ಮೊಳೆಯಿಂದ ಟ್ಯೂಬು ತೆಗೆದು ನನ್ನ ಹೆಗಲಿಗೆ ಹಾಕಿದರು. "ನೀ ನೀರಿನ ಹತ್ರ ಭಾಳ ಹೋಗ್ತೀ. ಇಟಗೋ" ಅಂದರು.

ಅದೀಗ ಸಂಡೂರಿನ ನಮ್ಮ ಪಡಸಾಲೆಯಲ್ಲಿದೆ. ಸಿಡಿಮದ್ದು ಹಾರಿದಾಗ ತಾಟುಗಳ ಜೊತೆ ಅದೂ ನಡುಗುತ್ತದೆ. ಇವತ್ತು ಎಣಿಸಿದೆ, ಪಂಕ್ಚರ್ ಪಟ್ಟಿ ನಾನು ಮೊದಲಿಗೆ ಬರೆದಂತೆ ಏಳಲ್ಲ, ಮೂರೇ. ಕ್ವಾರ್ಟರ್ಸಿನ ಕೋಳಿಗಳೂ ಆಗ ಎಂದಿನಂತೆ ಕೂಗುತ್ತಿದ್ದವು. ಎಮ್ಮೆಗೆ ಅವರು ನಮಸ್ಕಾರ ಮಾಡಿದ್ದು ಒಂದೇ ಸಲ ಇರಬೇಕು. ಆದರೆ ಹಿನ್ನೀರಿನ ಮನೆಯ ಉಳಿದ ಗೋಡೆ ಒಂದೇ ಗೇಣು. ಅದನ್ನು ಎರಡು ಸಲ ನೋಡಿ ಬರೆದಿದ್ದೇನೆ.