ಕೂಲರ್ ಅಂಗಡಿಯಲ್ಲಿ ಸ್ವೆಟರ್ ಹಾಕಿಕೊಂಡವನು

ಕರುಳಿನ ಗಡ್ಡೆ ತೆಗೆದ ಮೇಲೆ ಎಂಟು ಸಲ ಕೀಮೋ ಕೊಡಬೇಕೆಂದು ದಾವಣಗೆರೆಯ ಡಾಕ್ಟರು ಹೇಳಿದಾಗ ನಾನು ಮೊದಲು ಕೇಳಿದ್ದು ಕೂದಲಿನ ಬಗ್ಗೆ. ಅವರು ಫೈಲಿನಿಂದ ತಲೆ ಎತ್ತಿದರು.

"ಈ ಔಷಧಿಗೆ ಕೂದಲು ಅಷ್ಟೇನೂ ಉದುರಲ್ಲ. ಆದ್ರೆ ತಣ್ಣಗಿರೋದನ್ನ ಮುಟ್ಟಬೇಡಿ, ಕುಡೀಬೇಡಿ, ತಣ್ಣನೆ ಗಾಳಿಗೆ ಕೂರಬೇಡಿ. ಏನು ಕೆಲಸ ಮಾಡ್ತೀರಿ?"

"ಚಳ್ಳಕೆರೇಲಿ ಅಂಗಡಿ ಐತೆ ಸಾರ್. ಫ್ರಿಜ್ಜು, ಕೂಲರ್ರು ಮಾರ್ತೀನಿ."

ಡಾಕ್ಟರು ನಗಲಿಲ್ಲ. ಪಕ್ಕದಲ್ಲಿದ್ದ ನರ್ಸಮ್ಮ ಮಾತ್ರ ಬಾಯಿಗೆ ಕೈ ಅಡ್ಡ ಹಿಡಿದು ಹೊರಗೆ ಹೋದರು.

ಮಾರ್ಚ್ ಕೊನೆಗೆ ಮೊದಲನೇ ಡ್ರಿಪ್ ಆಯಿತು. ಹೆಂಡತಿ ಜೊತೆ ಬಸ್ಸಿನಲ್ಲಿ ಮನೆಗೆ ಬಂದೆ, ಏನೂ ಆಗಲಿಲ್ಲ. ಡಾಕ್ಟರು ಸುಮ್ಮನೆ ಹೆದರಿಸಿದರು ಅಂದುಕೊಂಡು ಮಡಕೆಯಿಂದ ಒಂದು ಲೋಟ ನೀರು ಮೊಗೆದು ಕುಡಿದೆ. ಗಾಜಿನ ಪುಡಿ ನುಂಗಿದಂತಾಯಿತು. ಗಂಟಲು ಮುಚ್ಚಿಹೋಯಿತು, ಇನ್ನು ಉಸಿರು ಬರುವುದಿಲ್ಲ ಅಂತಲೇ ಅನ್ನಿಸಿತು. ಹೆಂಡತಿ ಓಡಿಬಂದು ಬಿಸಿನೀರು ಕುಡಿಸಿದಳು.

ಮರುದಿನ ಬೆಳಗ್ಗೆ ಗೇಟಿನ ಚಿಲಕ ಮುಟ್ಟಿದರೆ ಶಾಕ್ ಹೊಡೆಯಿತು. ಮೂವತ್ತು ವರ್ಷ ಕರೆಂಟಿನ ಸಾಮಾನು ಮಾರಿದವನು ನಾನು. ಎಲ್ಲೋ ಅರ್ತಿಂಗ್ ಕೆಟ್ಟಿದೆ ಎಂದು ಒಳಗಿನಿಂದ ಟೆಸ್ಟರ್ ತಂದೆ. ಅದರ ಕಬ್ಬಿಣದ ತುದಿಗೆ ಬೆರಳು ತಾಗಿದ್ದೇ ತಡ, ಅದೂ ಹೊಡೆಯಿತು. "ಯಾರೂ ಗೇಟ್ ಮುಟ್ಟಬ್ಯಾಡ್ರೋ, ಲೈನ್ ಇಳಿದೈತೆ!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದೆ. ಹೆಂಡತಿ ಹೊರಗೆ ಬಂದು ಗೇಟಿಗೆ ಆರಾಮಾಗಿ ಒರಗಿ ನಿಂತಳು.

"ರೀ, ಕರೆಂಟ್ ಹೋಗಿ ಒಂದ್ ತಾಸಾತು."

ಅವತ್ತಿನಿಂದ ನನ್ನ ವೇಷ ಬದಲಾಯಿತು. ಎಂದೋ ಕಾಶಿಯಾತ್ರೆಗೆಂದು ಕೊಂಡಿದ್ದ ಸ್ವೆಟರು, ಮಂಕಿ ಟೋಪಿ ಹೊರಗೆ ಬಂದವು. ಕೈಗೆ ಉಣ್ಣೆಯ ಗ್ಲೌಸ್ ಬೇಕು ಎಂದು ಪೇಟೆಯಲ್ಲಿ ಕೇಳಿದರೆ, ಏಪ್ರಿಲ್ ತಿಂಗಳ ಚಳ್ಳಕೆರೆಯಲ್ಲಿ ಅಂಗಡಿಯವರು ನನ್ನ ಮುಖವನ್ನೇ ನೋಡಿದರು. ಕೊನೆಗೆ ಎರಡೂ ಕೈಗೆ ಕಾಲುಚೀಲ ಹಾಕಿಕೊಂಡೆ.

ಅಂಗಡಿಗೆ ಹೋಗದೆ ಇರುವಂತಿರಲಿಲ್ಲ. ಬೇಸಿಗೆಯೇ ನಮ್ಮ ಸುಗ್ಗಿ, ನಾನಿಲ್ಲದಿದ್ದರೆ ಬಾಮೈದ ಒಬ್ಬನೇ ನಿಭಾಯಿಸಬೇಕಿತ್ತು. ಹಿಂದಿನ ಮೂಲೆಯಲ್ಲಿ ಕುರ್ಚಿ ಹಾಕಿಸಿಕೊಂಡು, ಫ್ಲಾಸ್ಕಿನ ಬಿಸಿನೀರು ಗುಟುಕರಿಸುತ್ತ ಕೂತೆ. ಕೂಲರ್ ನೋಡಲು ಬಂದ ಕಡಲೆಕಾಯಿ ವ್ಯಾಪಾರಿಯೊಬ್ಬರು ನನ್ನನ್ನು ಕಂಡು ಅಲ್ಲೇ ನಿಂತರು.

"ಸಾವ್ಕಾರ್ರಿಗೇ ಇಷ್ಟು ಚಳಿ ಹತ್ತೈತೆ ಅಂದ್ರೆ, ಈ ಕೂಲರ್ ಹೆಂಗಿರ್ಬೇಕು!"

ಬಾಮೈದ ಹೌದು ಎನ್ನಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. ಅವರು ಕೂಲರ್ ಒಯ್ದ ಮೇಲೆ ನನ್ನ ಕುರ್ಚಿಯನ್ನು ಎತ್ತಿ ಬಾಗಿಲ ಹತ್ತಿರ ಹಾಕಿದ. "ಇಲ್ಲಿ ಬಿಸಿಗಾಳಿ ಬರ್ತೈತೆ ಭಾವ, ನಿಮಗೂ ಒಳ್ಳೇದು" ಎಂದ.

ಸುದ್ದಿ ಮೊಳಕಾಲ್ಮುರಿನ ಕಡೆಯ ಹಳ್ಳಿಗಳಿಗೂ ಮುಟ್ಟಿತು. ನನಗೆ ನಾಚಿಕೆಯಾಗುತ್ತಿತ್ತು ನಿಜ. ಆದರೆ ಆಪರೇಷನ್ ಆದಂದಿನಿಂದ ಗೊತ್ತಿದ್ದವರೆಲ್ಲ ನನ್ನನ್ನು ಅಯ್ಯೋ ಪಾಪ ಎಂದು ನೋಡುತ್ತಿದ್ದರು. ಗುರುತಿಲ್ಲದ ಜನ ಬೆರಗಿನಿಂದ ನೋಡುವಾಗ ಒಳಗೊಳಗೇ ಖುಷಿಯೂ ಆಗುತ್ತಿತ್ತು. ಅದಕ್ಕೇ ಸುಮ್ಮನಿದ್ದೆ.

ಮೂರನೇ ಡ್ರಿಪ್ ಆಗಿ ನಾಲ್ಕು ದಿನವಾಗಿತ್ತು. ದೇವಸಮುದ್ರದಿಂದ ಒಬ್ಬ ಮುದುಕಿ ಮಗನ ಜೊತೆ ಬಂದಳು. ಆಯಸ್ಸೆಲ್ಲ ಕುರಿ ಹಿಂದೆ ಬಿಸಿಲಲ್ಲಿ ನಡೆದವಳಂತೆ, ಈಗ ಸಿಮೆಂಟ್ ಶೀಟಿನ ಮನೆಯೊಳಗೆ ಕೂರಲು ಆಗುತ್ತಿಲ್ಲವಂತೆ.

"ಸಾವ್ಕಾರ್ರು ನಡುಗ್ತಾರಂತಲ್ಲ, ಆ ಕೂಲರ್ರೇ ಕೊಡ್ರಿ" ಎಂದ ಮಗ. "ಹಚ್ಚಿ ತೋರಿಸ್ರಿ."

ಬಾಮೈದ ನೀರು ತುಂಬಿ ಸ್ವಿಚ್ ಹಾಕಿಯೇಬಿಟ್ಟ. ಗಾಳಿ ನೇರ ನನ್ನ ಮುಖಕ್ಕೆ ಹೊಡೆಯಿತು. ಮೂಗಿಗೆ ಸೂಜಿ ಚುಚ್ಚಿದಂತಾಗಿ ದವಡೆ ಕಚ್ಚಿಕೊಂಡಿತು. ನಿಲ್ಲಿಸು ಎನ್ನಲು ಬಾಯಿ ಬಿಡಲಾಗಲಿಲ್ಲ. ಕಣ್ಣಲ್ಲಿ ನೀರು ಇಳಿಯಿತು, ಕಾಲುಚೀಲದ ಕೈಗಳನ್ನು ಆಡಿಸಿದೆ. ಅಂಗಡಿಯಲ್ಲಿದ್ದ ನಾಲ್ಕೈದು ಮಂದಿ ಆಹಾ ಎಂದರು. ಒಬ್ಬ ಚಪ್ಪಾಳೆ ಕೂಡ ಹೊಡೆದ.

ಮುದುಕಿ ಎದ್ದುಹೋಗಿ ಪ್ಲಗ್ ಕಿತ್ತಳು.

"ಆಟ ಆಡ್ತೀರೇನ್ರೋ? ಆಯಪ್ಪಗೆ ಏನೋ ಆಗೈತೆ."

ನನ್ನ ಪಕ್ಕ ನೆಲದ ಮೇಲೆ ಕೂತು ಎರಡೂ ಕೈ ಹಿಡಿದು ಉಜ್ಜಿದಳು. ದವಡೆ ಬಿಟ್ಟ ಮೇಲೆ ಹೇಳಿದೆ: "ಕ್ಯಾನ್ಸರ್ ಆಗಿತ್ತವ್ವ. ಔಷಧಿ ನಡೀತೈತೆ, ಅದಕ್ಕೇ ಹಿಂಗೆ." ಆ ಮಾತನ್ನು ಅಂಗಡಿಯೊಳಗೆ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಚಪ್ಪಾಳೆ ಹೊಡೆದವನು ಮೆಲ್ಲಗೆ ಹೊರಗೆ ಜಾರಿದ.

"ಹಂಗಾದ್ರೆ ಕೂಲರ್ರು?" ಎಂದ ಮಗ.

"ಕೂಲರ್ ಕೂಲರೇ, ಆಯಪ್ಪ ಆಯಪ್ಪನೇ. ಕಟ್ಟಿಸು" ಎಂದಳು ಮುದುಕಿ.

ಅವರು ಹೋದ ಮೇಲೆ ಬಾಮೈದ ನನ್ನ ಮುಖ ನೋಡದೆ, "ತಪ್ಪಾತು ಭಾವ" ಎಂದು ಕುರ್ಚಿಯನ್ನು ಹಿಂದಕ್ಕೆ ಒಯ್ಯಲು ಬಂದ. "ಇರ್ಲಿ ಬಿಡು, ಇಲ್ಲೇ ಚಲೋ ಐತೆ. ಕೂಲರ್ ಮಾತ್ರ ಆ ಕಡೆ ತಿರುಗ್ಸು" ಎಂದೆ. ಅಲ್ಲಿಂದ ಮುಂದೆ ಯಾರು ಕೇಳಿದರೂ ನಿಜವನ್ನೇ ಹೇಳಿದೆ. ವ್ಯಾಪಾರ ಕೆಡಲಿಲ್ಲ. ಆದರೆ ಬಂದವರೆಲ್ಲ ತಮ್ಮ ಮೂಲವ್ಯಾಧಿ, ಮಾವನ ಗಂಟಲು, ಅತ್ತಿಗೆಯ ಗರ್ಭಕೋಶ ಎಲ್ಲವನ್ನೂ ನನಗೆ ಒಪ್ಪಿಸಿ, ಆಮೇಲೆ ಫ್ರಿಜ್ಜು ನೋಡುತ್ತಿದ್ದರು.

ಮಳೆಗಾಲ ಮುಗಿಯುವ ಹೊತ್ತಿಗೆ ಎಂಟೂ ಡ್ರಿಪ್ ಮುಗಿದವು. ಸ್ಕ್ಯಾನಿನಲ್ಲಿ ಗಡ್ಡೆ ಇಲ್ಲ. ತಣ್ಣಗಿರುವುದರ ಕಾಟವೂ ನಿಧಾನಕ್ಕೆ ಹೋಯಿತು. ಅದು ಹೋಗುತ್ತಿದ್ದಂತೆ ಅಂಗಾಲು ಜೋಮು ಹಿಡಿಯಿತು. ಇದೂ ಅದೇ ಔಷಧಿಯದು, ಪೂರ್ತಿ ಹೋದರೂ ಹೋಗಬಹುದು, ಉಳಿದರೂ ಉಳಿಯಬಹುದು ಎಂದರು ಡಾಕ್ಟರು.

ಮೊನ್ನೆ ಸಂಜೆ ವಾಕಿಂಗ್ ಮುಗಿಸಿ ಬಂದರೆ ಹೆಂಡತಿ ಬಾಗಿಲಲ್ಲೇ ತಡೆದಳು.

"ಇನ್ನೊಂದು ಚಪ್ಪಲಿ ಎಲ್ಲಿ?"

ಬಗ್ಗಿ ನೋಡಿಕೊಂಡೆ. ಬಲಗಾಲು ಬರಿಗಾಲು. ಎಲ್ಲಿ ಬಿಟ್ಟೆನೋ ಗೊತ್ತೇ ಆಗಿರಲಿಲ್ಲ. ಇಬ್ಬರೂ ಬಂದ ದಾರಿಯಲ್ಲೇ ಹುಡುಕುತ್ತ ಹೊರಟೆವು. ಎಣ್ಣೆ ಮಿಲ್ಲಿನ ಕಾಂಪೌಂಡ್ ಮೇಲೆ ಯಾರೋ ಅದನ್ನು ಎತ್ತಿಟ್ಟಿದ್ದರು. ಹೆಂಡತಿ ತಂದು ಕಾಲ ಹತ್ತಿರ ಹಾಕಿದಳು.

"ಹಾಕ್ಕಂಡ್ರಾ?"

"ನಂಗೇನು ಗೊತ್ತು? ನೀನೇ ನೋಡಿ ಹೇಳು."

ಅವಳು ನಡುರಸ್ತೆಯಲ್ಲಿ ಕುಕ್ಕರುಗಾಲಲ್ಲಿ ಕೂತು ನೋಡಿ, "ಹಾಕ್ಕಂಡೀರಿ, ನಡೀರಿ" ಎಂದಳು.